ಹೊಸ ದಮ್ಮಡಿಯವನಿಗೆ ಇಡೀ ಕಥೆ ಕೊಡಿ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ತಂಬೂರಿ ಮೇಳಗಳ ಹಿರಿಯರಿಗೆ, ಕಂಸಾಳೆಯ ಗುಡ್ಡರಿಗೆ, ಹಿಮ್ಮೇಳದ ಅಣ್ಣತಮ್ಮಂದಿರಿಗೆ ಶರಣು.

ನಿಮ್ಮ ಪೈಕಿ ಒಂದು ಮೇಳಕ್ಕೆ ಹೊಸ ದಮ್ಮಡಿಯವನು ಬಂದಿದ್ದಾನೆ. ಊರು, ಹೆಸರು ಇಲ್ಲಿ ಬೇಡ, ನಿಮ್ಮ ನಿಮ್ಮಲ್ಲಿ ಆಗಲೇ ಸುದ್ದಿ ಹರಿದಾಡಿರುತ್ತದೆ. ಬಹಳ ಕಾಲ ದಮ್ಮಡಿ ಹಿಡಿದಿದ್ದ ಹಿರಿಯರ ಬೆರಳಿನ ಗೆಣ್ಣು ಈಗ ಮಡಚುತ್ತಿಲ್ಲ. ಅವರು ತಾಳ ಹಿಡಿದು ಪಕ್ಕಕ್ಕೆ ಸರಿದು ಕೂತಿದ್ದಾರೆ. ಅವರ ಜಾಗಕ್ಕೆ ಬಂದವನು ಇಪ್ಪತ್ತು ತುಂಬದ ಹುಡುಗ. ಗಣಪತಿ ಮೆರವಣಿಗೆಯಲ್ಲಿ ತಮಟೆ ಬಡಿದವನು, ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ನುಡಿಸಿದವನು. ಕೈ ಬಹಳ ಚುರುಕು. ಕಥೆ ಮಾತ್ರ ಅವನಿಗೆ ಅಲ್ಲೊಂದು ಇಲ್ಲೊಂದು ತುಣುಕು ಗೊತ್ತು.

ಈ ಸುದ್ದಿ ಕೇಳಿ ನನಗಾದ ಸಂತೋಷವನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆಯ ಹುಡುಗರು ಹದಿನೆಂಟಾಗುತ್ತಿದ್ದಂತೆ ಬೆಂಗಳೂರಿಗೋ ತಿರುಪ್ಪೂರಿಗೋ ಬಸ್ಸು ಹತ್ತುವ ಕಾಲ ಇದು. ಹಾಗಿರುವಾಗ ಒಬ್ಬ ಹುಡುಗ ರಾತ್ರಿಯೆಲ್ಲ ಕೂತು ಮಂಟೇದಸ್ವಾಮಿ ಕಥೆಗೆ ದಮ್ಮಡಿ ನುಡಿಸಲು ಒಪ್ಪಿದ್ದು ಸಣ್ಣ ಮಾತಲ್ಲ. ಆದರೆ ಅವನನ್ನು ಮೇಳಕ್ಕೆ ಸೇರಿಸಿಕೊಂಡ ಬಗೆ ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಅದಕ್ಕೇ ಈ ಪತ್ರ. ಬರೆದದ್ದು ಆ ಒಂದು ಮೇಳಕ್ಕಲ್ಲ, ಎಲ್ಲ ಮೇಳಗಳಿಗೆ. ಮುಂದಿನ ಐದಾರು ವರ್ಷದಲ್ಲಿ ನಿಮ್ಮಲ್ಲಿ ಬಹುಪಾಲು ಮೇಳಗಳ ಹಿಮ್ಮೇಳ ಬದಲಾಗಲೇಬೇಕು. ಹಿರಿಯರ ವಯಸ್ಸು ನೋಡಿದರೆ ಯಾರಿಗೂ ತಿಳಿಯುತ್ತದೆ.

ಆ ಹುಡುಗನಿಗೆ ಹೇಳಿದ್ದು ಇಷ್ಟೇ ಅಂತೆ: "ನೀನು ಸುಮ್ನೆ ಬಡೀತಾ ಹೋಗು, ಕಥೆ ನಮಗ್ ಬುಡು."

ಈ ಮಾತು ನನ್ನನ್ನು ಬಹಳ ಕಾಡಿದೆ. ನಿಮ್ಮಲ್ಲಿ ಯಾರು ದೊಡ್ಡ ತಂಬೂರಿಯವರಾಗಿ ಹೆಸರು ಮಾಡಿದ್ದೀರೋ ನಿಮ್ಮನ್ನೇ ಕೇಳಿಕೊಳ್ಳಿ. ನೀವು ಕಥೆ ಕಲಿತದ್ದು ಎಲ್ಲಿ? ತಂಬೂರಿ ಹೆಗಲಿಗೇರುವ ಮುಂಚೆ ನಿಮ್ಮಲ್ಲಿ ಹೆಚ್ಚಿನವರು ದಮ್ಮಡಿ ಹಿಡಿದಿದ್ದವರು, ಇಲ್ಲವೇ ತಾಳ ಹಾಕುತ್ತಿದ್ದವರು. ಗುರುವಿನ ಹಿಂದೆ ಕೂತು ಸೊಲ್ಲು ಹಿಡಿದು ಹಿಡಿದು, ಸಾಲು ಸಾಲೇ ಮೈಗೆ ಹತ್ತಿ, ಒಂದು ದಿನ ಗುರುವಿನ ಗಂಟಲು ಕಟ್ಟಿದಾಗ ಎರಡು ಪದ ನೀವೇ ಎತ್ತಿ ಹೇಳಿದ್ದು. ಮೇಳಕ್ಕೆ ಬೇರೆ ಶಾಲೆ ಇಲ್ಲ. ಹಿಮ್ಮೇಳವೇ ಶಾಲೆ. ದಮ್ಮಡಿಯವನಿಗೆ ಕಥೆ ಬೇಡ ಅಂದ ದಿನ ಮುಂದಿನ ತಂಬೂರಿಯವನನ್ನೂ ಬೇಡ ಅಂದ ಹಾಗೆ.

ದಮ್ಮಡಿ ಅಂದರೇನು, ನಿಮಗೆ ನಾನು ಹೇಳಬೇಕಿಲ್ಲ. ಪತ್ರ ಓದುವ ಪೇಟೆಯವರಿಗಾಗಿ ಒಂದೆರಡು ಮಾತು. ಮರದ ಬಳೆಯ ಒಂದು ಮುಖಕ್ಕೆ ಚರ್ಮ ಬಿಗಿದ ಚಿಕ್ಕ ವಾದ್ಯ ಅದು. ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈ ಬೆರಳಲ್ಲಿ ನುಡಿಸುವುದು. ನೋಡಲು ಏನೂ ಅಲ್ಲ. ಡೊಳ್ಳಿನ ಗಾತ್ರವಿಲ್ಲ, ತಮಟೆಯ ಅಬ್ಬರವಿಲ್ಲ. ಮಂಟೇದಸ್ವಾಮಿ ಕಥೆ ಹಾಡುವ ನೀಲಗಾರರ ಮೇಳದಲ್ಲಿ ಮುಂದಾಳಿನ ಹೆಗಲಿಗೆ ತಂಬೂರಿ, ಕೈಗೆ ಗಗ್ಗರ. ಹಿಂದೆ ದಮ್ಮಡಿ ಮತ್ತು ತಾಳ. ಇಷ್ಟರಲ್ಲೇ ರಾತ್ರಿ ಬೆಳಗಾಗಬೇಕು. ಚಳಿ ಬಿದ್ದು ಮಂಜು ಇಳಿದರೆ ಚರ್ಮ ಸಡಿಲವಾಗುತ್ತದೆ, ನಾದ ಸತ್ತುಹೋಗುತ್ತದೆ. ಆಗ ಬೆಂಕಿಗೆ ಹಿಡಿದು ಕಾಯಿಸಬೇಕು, ಹೆಚ್ಚಾದರೆ ಹರಿಯುತ್ತದೆ. ಎಷ್ಟು ಕಾದರೆ ಸಾಕು ಅನ್ನುವುದು ಬೆರಳ ತುದಿಗೆ ತಿಳಿಯಬೇಕು. ಚಿಕ್ಕಲ್ಲೂರಿನ ಜಾತ್ರೆ ಬರುವುದು ಪುಷ್ಯ ಮಾಸದ ಹುಣ್ಣಿಮೆಗೆ, ಜನವರಿಯ ಕೊರೆಯುವ ಚಳಿಯಲ್ಲಿ. ಅಲ್ಲಿ ಸರಿರಾತ್ರಿ ಮೇಲೆ ಯಾರ ದಮ್ಮಡಿ ನುಡಿಯುತ್ತಿರುತ್ತದೋ ಅವನೇ ಬಲ್ಲವನು.

ನುಡಿಸುವುದು ಅವನ ಕೆಲಸದಲ್ಲಿ ಒಂದು ಪಾಲು ಮಾತ್ರ. ಸೊಲ್ಲು ಬಂದಾಗ ಗಂಟಲೆತ್ತಿ ಹಿಡಿಯುವವನೂ ಅವನೇ. ತಂಬೂರಿಯವರು ಪದ ನಿಲ್ಲಿಸಿ ಮಾತಿಗಿಳಿದಾಗ "ಹೌದು ಗುರುವೇ" ಎಂದು ಹೂಂಗುಟ್ಟುವವನೂ ಅವನೇ. ನನ್ನ ಕಿವಿಗೆ ಮೇಳದ ಅಳತೆ ಸಿಗುವುದು ಈ ಹೂಂಗುಟ್ಟುವಿಕೆಯಲ್ಲಿ. ಕಥೆ ಗೊತ್ತಿರುವವನ ಹೂಂಕಾರ ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತದೆ. ಗೊತ್ತಿಲ್ಲದವನದು ಉಸಿರಿನ ನಡುವೆ ಬಿದ್ದು ಮಾತನ್ನು ಕತ್ತರಿಸುತ್ತದೆ. ಕೂತು ಕೇಳುವ ಮುದುಕಿಯರಿಗೆ ಅದು ಕೂಡಲೇ ತಿಳಿದುಹೋಗುತ್ತದೆ. ಅವರು ತಲೆ ಆಡಿಸುವುದನ್ನು ನಿಲ್ಲಿಸುತ್ತಾರೆ.

ಕಲ್ಯಾಣದ ಸಾಲನ್ನೇ ನೋಡಿ. ಧರೆಗೆ ದೊಡ್ಡವರಾದ ಮಂಟೇದಸ್ವಾಮಿ ಕಲ್ಯಾಣದ ಬಾಗಿಲಿಗೆ ಬರುವುದು ರಾಜಠೀವಿಯಲ್ಲಲ್ಲ. ಮೈಯೆಲ್ಲ ಕೊಳೆತು ನಾರುವ ರೂಪದಲ್ಲಿ, ಶರಣರು ಮೂಗು ಮುಚ್ಚಿಕೊಳ್ಳುವಂತೆ ಬರುತ್ತಾರೆ. ಬಾಗಿಲು ಕಾಯುವವರು ಒಳಗೆ ಬಿಡುವುದಿಲ್ಲ. ಆ ಹೊತ್ತಿನಲ್ಲಿ ದಮ್ಮಡಿ ಮೆರೆದರೆ ಕಥೆ ಕೆಟ್ಟಿತು. ಒಂದೇ ಬೆರಳಲ್ಲಿ, ದೂರದಿಂದ ಕೇಳಿದ ಹಾಗೆ, ತಂಬೂರಿಯ ತಂತಿ ಎದ್ದು ಕೇಳುವಂತೆ ನುಡಿಸಬೇಕು. ನೀಲಮ್ಮ, ಬಸವಣ್ಣ ಬಂದವರು ಯಾರೆಂದು ಗುರುತು ಹಿಡಿಯುವಲ್ಲಿ ಅಂಗೈ ತೆರೆದು ಹೊಡೆಯಬೇಕು. ಇದನ್ನು ಪ್ಯಾಡಿನ ಬಟನ್ನಿಗೆ ಹೇಳಿಕೊಡಲಾಗದು. ಆ ಹುಡುಗನಿಗೆ ಹೇಳಿಕೊಡಬಹುದು. ಯಾಕೆ ಮೆಲ್ಲಗೆ, ಯಾಕೆ ಜೋರು ಅನ್ನುವುದಕ್ಕೆ ಕಥೆಯೇ ಕಾರಣ. ಕಾರಣ ತಿಳಿಯದೆ ಕೈಗೆ ಹದ ಬರುವುದಿಲ್ಲ.

ಮಾದೇಶ್ವರನ ಕಥೆಯಲ್ಲೂ ಅಷ್ಟೇ. ಸಂಕಮ್ಮನ ಸಾಲಿನಲ್ಲಿ ನೀಲೇಗೌಡ ಜೇನಿಗೆ ಹೋಗುವ ಮುಂಚೆ ಹೆಂಡತಿಯಿಂದ ಬಲಗೈ ಭಾಷೆ ಕೇಳುತ್ತಾನೆ. ನಾನು ತಪ್ಪುವವಳಲ್ಲ, ಭಾಷೆ ಯಾಕೆ ಕೊಡಲಿ ಎಂದು ಆ ಸೋಲಿಗರ ಹೆಣ್ಣುಮಗಳು ಒಪ್ಪುವುದಿಲ್ಲ. ಆಮೇಲೆ ಅವಳು ಪಡುವ ಪಾಡನ್ನು ಗುಡ್ಡರು ಹಾಡುವಾಗ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಿಂದ ಹಿಡಿದು 77 ಮಲೆಯವರೆಗೆ ಅಳದ ಹೆಂಗಸು ಇಲ್ಲ. ಶ್ರವಣನ ಸಾಲಿನಲ್ಲಿ ಹರಳಯ್ಯ ಅರಗಿನ ಪಾದರಕ್ಷೆ ಮಾಡಿ ಆ ದೊರೆಯ ಸೊಕ್ಕು ಸುಡುತ್ತಾನೆ. ಅಲ್ಲಿ ಕಂಸಾಳೆಯ ಬೀಸು ಬೇರೆ, ಇಲ್ಲಿ ಬೇರೆ. ಎರಡೂ ಕಡೆ ಒಂದೇ ಬಿರುಸು ಬಂದರೆ ಸಂಕಮ್ಮನ ನೋವು ಕುಣಿತವಾಗಿಬಿಡುತ್ತದೆ.

ಹಾಗೆ ಆದದ್ದನ್ನು ನಾವು ನೋಡಿಯೂ ಇದ್ದೇವೆ. 2020ರ ಆಗಸ್ಟ್‌ನಲ್ಲಿ ಕೋಲುಮಂಡೆ ಜಂಗಮನ ಪದವನ್ನು ರ‍್ಯಾಪ್ ಮಾಡಿ ವಿಡಿಯೋ ಬಿಟ್ಟರು. ಅದರಲ್ಲಿ ಸಂಕಮ್ಮನನ್ನು ತೋರಿಸಿದ ರೀತಿಗೆ ಮಾದೇಶ್ವರನ ಒಕ್ಕಲು ನೊಂದುಕೊಂಡಿತು. ಕ್ಷಮೆ ಕೇಳಿ ಹಾಡನ್ನು ತೆಗೆಯಬೇಕಾಯಿತು. ಹೊಸ ವಾದ್ಯ ತಂದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅದಕ್ಕೂ ಮುಂಚೆ, 1996ರಲ್ಲಿ, ನಾಗಾಭರಣರ 'ಜನುಮದ ಜೋಡಿ'ಗೆ ವಿ. ಮನೋಹರ್ ಸಂಗೀತ ಮಾಡಿದಾಗ ಮಾದೇಶ್ವರನ ಸೀಮೆಯ ಮಟ್ಟು ಬೀದರಿನವರೆಗೂ ಮುಟ್ಟಿತು, ಇಲ್ಲಿಯ ಜನ ಹೆಮ್ಮೆಪಟ್ಟರು. ಸಿನಿಮಾದ ವಾದ್ಯಗಳು ಅಲ್ಲೂ ಇದ್ದವು. ಸಂಕಮ್ಮ ಯಾರೆಂದು ತಿಳಿದು ನುಡಿಸುವುದಕ್ಕೂ ತಿಳಿಯದೆ ನುಡಿಸುವುದಕ್ಕೂ ಇರುವ ಅಂತರದ ಬಗ್ಗೆ ನನ್ನ ಮಾತು.

ರಿದಂ ಪ್ಯಾಡಿನ ವಿಚಾರಕ್ಕೆ ಬರಲೇಬೇಕು, ನಿಮ್ಮ ಮೇಳಗಳಲ್ಲೇ ಇದರ ಬಗ್ಗೆ ಜಗಳವಾಗಿದೆ. ಕ್ಯಾಸೆಟ್ಟಿನ ಕಾಲದಲ್ಲೇ ಹಾರ್ಮೋನಿಯಂ, ತಬಲ ಬಂದವು. ಮಳವಳ್ಳಿ ಮಹದೇವಸ್ವಾಮಿಯವರ ಕಂಠ ಟೇಪ್‌ರೆಕಾರ್ಡರಿನಲ್ಲಿ ಹಳ್ಳಿ ಹಳ್ಳಿಯ ಟೀ ಅಂಗಡಿಗೆ ಬಂತು, ಎತ್ತಿನ ಗಾಡಿ ಮೇಲೆ ಕೂತು ಗದ್ದೆಗೂ ಹೋಯಿತು. ಅದರಿಂದ ಕಥೆಗೆ ಒಳ್ಳೆಯದೇ ಆಯಿತು. ತಂಬೂರಿಯವರನ್ನು ಭಿಕ್ಷದವರು ಎಂದು ಹೊಸಿಲಾಚೆ ನಿಲ್ಲಿಸುತ್ತಿದ್ದ ಮನೆಗಳು ಅವರ ಹಾಡನ್ನು ಒಳಗೆ ಬಿಟ್ಟುಕೊಂಡವು. ಹಾಗಾಗಿ ಹೊಸದೆಂಬ ಕಾರಣಕ್ಕೆ ಪ್ಯಾಡನ್ನು ಬೈಯುವವನು ನಾನಲ್ಲ. ನನ್ನ ಆಕ್ಷೇಪ ಒಂದೇ. ದಮ್ಮಡಿಯವನು ಹಾಡುವವರ ಮುಖ ನೋಡುತ್ತಾನೆ. ಅವರ ಉಸಿರು ಸಾಲದೇ ಬಂದರೆ ತಾನು ನಿಧಾನ ಮಾಡುತ್ತಾನೆ. ಪದ ನೆನಪಾಗದೆ ಅರೆಗಳಿಗೆ ತಡೆದರೆ ಎರಡು ಸುತ್ತು ಹೆಚ್ಚಿಗೆ ನುಡಿಸಿ ಕಾಯುತ್ತಾನೆ. ಪ್ಯಾಡಿನಲ್ಲಿ ಮೊದಲೇ ತುಂಬಿಟ್ಟ ತಾಳ ಒತ್ತಿಬಿಟ್ಟರೆ ಅದು ಯಾರಿಗೂ ಕಾಯುವುದಿಲ್ಲ. ಎಪ್ಪತ್ತರ ಹಾಡುಗಾರ ಅದರ ಹಿಂದೆ ಓಡಬೇಕು. ಬೇಸಿಗೆಯಲ್ಲಿ ಒಂದು ತಿಥಿಯ ರಾತ್ರಿ ಇದನ್ನು ಕಣ್ಣಾರೆ ಕಂಡೆ. ಹಿರಿಯರೊಬ್ಬರು ಸಿದ್ಧಪ್ಪಾಜಿ ಸಾಲಿನ ನಡುವೆ ಬೆವತು, ಪದ ಬಿಟ್ಟು ಪದ ಹಾರಿ, ಕೊನೆಗೆ ಕಥೆ ಮೊಟಕು ಮಾಡಿ ಮಂಗಳ ಹಾಡಿದರು. ಕಥೆ ಮಾಡಿಸಿದ ಮನೆಯವರು ಏನೂ ಅನ್ನಲಿಲ್ಲ. ಅವರು ಸುಮ್ಮನಿದ್ದುದೇ ನನಗೆ ಹೆಚ್ಚು ನೋವಾಯಿತು.

ಪ್ಯಾಡು ಬೇಕೆಂದರೆ ಇಟ್ಟುಕೊಳ್ಳಿ. ಆದರೆ ಬೆರಳಲ್ಲಿ ನುಡಿಸಲಿ, ತುಂಬಿಟ್ಟ ತಾಳ ಓಡಿಸುವುದು ಬೇಡ. ದಮ್ಮಡಿಯನ್ನು ಮೂಲೆಗೆ ಇಡಬೇಡಿ. ಚರ್ಮದ ಬದಲು ಫೈಬರ್ ಹಾಕಿಸುವುದೂ ನಿಮ್ಮ ಇಷ್ಟ. ಮಳೆಗಾಲದಲ್ಲಿ ಅದರ ಅನುಕೂಲ ನನಗೂ ಗೊತ್ತು. ನನಗೆ ಚರ್ಮದ ನಾದವೇ ಇಷ್ಟ, ಅದು ನನ್ನ ಕಿವಿಯ ಮಾತು, ಹಟವಲ್ಲ.

ಇನ್ನು ಹಣದ ವಿಚಾರ. ಇದನ್ನು ಬಹಿರಂಗವಾಗಿ ಬರೆಯಬಾರದು ಎಂದು ಕೆಲವರು ಹೇಳಿದರು. ಬರೆಯಲೇಬೇಕು ಅನಿಸಿತು. ಕಥೆಗೆ ಬಂದ ಸಂಭಾವನೆಯಲ್ಲಿ ತಂಬೂರಿಯವರಿಗೆ ದೊಡ್ಡ ಪಾಲು ಹೋಗುವುದನ್ನು ಯಾರೂ ಆಕ್ಷೇಪಿಸುವುದಿಲ್ಲ, ಇಡೀ ರಾತ್ರಿಯ ಭಾರ ಅವರ ಮೇಲಿದೆ. ಆದರೆ ಹಿಮ್ಮೇಳದವನಿಗೆ ಬಸ್‌ಚಾರ್ಜು ಕಳೆದು ಉಳಿಯುವುದು ಒಂದು ದಿನದ ಕೂಲಿಗಿಂತ ಕಡಿಮೆಯಾದರೆ ಅವನು ಎಷ್ಟು ದಿನ ನಿಂತಾನು? ರಾತ್ರಿ ಕಥೆ, ಹಗಲು ಕಬ್ಬಿನ ಗದ್ದೆ ಅಥವಾ ರೇಷ್ಮೆ ಮನೆ. ಹೀಗೆ ಒಂದು ವರ್ಷ ಮೈ ತಡೆಯುತ್ತದೆ, ಎರಡು ವರ್ಷ ತಡೆಯುತ್ತದೆ. ಆರ್ಕೆಸ್ಟ್ರಾದವರು ಮೂರು ಗಂಟೆಗೆ ಹೆಚ್ಚು ಕೊಡುತ್ತಾರೆ. ಆ ಹುಡುಗ ಅಲ್ಲಿಗೆ ಹೋದ ದಿನ ಅವನಿಗೆ ಭಕ್ತಿ ಸಾಲದು ಎಂದು ಬೈಯಬೇಡಿ.

ಹಣಕ್ಕಿಂತ ಮುಂಚೆ ಹೆಸರು. ಬ್ಯಾನರ್ ನೋಡಿ, ಕರಪತ್ರ ನೋಡಿ, ಯೂಟ್ಯೂಬಿನಲ್ಲಿ ಹಾಕುವ ವಿಡಿಯೋ ನೋಡಿ. ಮುಂದಾಳಿನ ಹೆಸರು ದಪ್ಪ ಅಕ್ಷರದಲ್ಲಿ, ಆಮೇಲೆ 'ಮತ್ತು ಸಂಗಡಿಗರು'. ಪುಸ್ತಕಗಳ ಕಥೆಯೂ ಬೇರೆಯಲ್ಲ. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಮಲೆಯ ಮಾದೇಶ್ವರನ ಕಾವ್ಯವನ್ನು ಅಚ್ಚಿಗೆ ತಂದರು. ಹೆಬ್ಬಣಿ ಮಾದಯ್ಯನವರ ಬಾಯಿಂದ ಬಂದ ಕಾವ್ಯವನ್ನು ಕೇಶವನ್ ಪ್ರಸಾದ್ ಸಂಪಾದಿಸಿದರು, ಹಿ.ಚಿ. ಬೋರಲಿಂಗಯ್ಯ ಮಂಟೇಸ್ವಾಮಿ ಕಾವ್ಯವನ್ನು ಕೊಟ್ಟರು. ಇವರಿಗೆಲ್ಲ ಕನ್ನಡ ಋಣಿ. ಇವರು ಬರೆದಿಡದಿದ್ದರೆ ನಮ್ಮ ಸೀಮೆಯ ಕಥೆ ಪೇಟೆಯ ಓದುಗರಿಗೆ ತಿಳಿಯುತ್ತಲೇ ಇರಲಿಲ್ಲ. ಆದರೆ ಸಾವಿರಾರು ಸಾಲು ಹರಿದ ಆ ರಾತ್ರಿಗಳಲ್ಲಿ ಹಿಂದೆ ಕೂತು ಸೊಲ್ಲು ಹಿಡಿದವರ ಹೆಸರು ಜನರ ನಾಲಗೆಯ ಮೇಲೆ ನಿಲ್ಲಲಿಲ್ಲ. ಚಿಕ್ಕಬಳ್ಳಾಪುರದ ಕಡೆಯ ತಮಟೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಚರ್ಮವಾದ್ಯ ಹಿಡಿದ ಎಷ್ಟೋ ಕೈಗಳು ತಮಗೇ ಬಂದಂತೆ ಸಂಭ್ರಮಪಟ್ಟವು. ದಿಲ್ಲಿಯಲ್ಲಿ ಒಬ್ಬ ತಮಟೆಯವರ ಹೆಸರು ಕೂಗಿ ಕರೆಯುವುದಾದರೆ, ಹನೂರಿನ ಒಂದು ಬ್ಯಾನರಿನಲ್ಲಿ ದಮ್ಮಡಿಯವನ ಹೆಸರು ಹಾಕಿಸಲು ಎಷ್ಟು ಖರ್ಚು?

ಹೆಸರಿಗೆ ಇನ್ನೊಂದು ಪ್ರಯೋಜನವೂ ಇದೆ. 58 ದಾಟಿದ ಕಲಾವಿದರಿಗೆ ಸರ್ಕಾರ ಮಾಸಾಶನ ಕೊಡುತ್ತದೆ. ಅರ್ಜಿಯ ಜೊತೆ ಕಾರ್ಯಕ್ರಮದ ಕರಪತ್ರ, ಪ್ರಮಾಣಪತ್ರ ಕೇಳುತ್ತಾರೆ. ಜೀವನವಿಡೀ 'ಸಂಗಡಿಗರು' ಆಗಿದ್ದವರು ಏನು ತೋರಿಸಬೇಕು? ಈಗ ತಾಳಕ್ಕೆ ಸರಿದು ಕೂತಿರುವ ಆ ಹಿರಿಯರ ಹತ್ತಿರ ತಮ್ಮ ಹೆಸರಿರುವ ಒಂದು ಕಾಗದವೂ ಇಲ್ಲ. ದಯವಿಟ್ಟು ಅವರಿಗಾಗಿ ಮೇಳದವರೆಲ್ಲ ಸಹಿ ಹಾಕಿ ಒಂದು ಪತ್ರ ಬರೆದುಕೊಡಿ. ನಾಳೆಯೇ ಬರೆದುಕೊಡಿ.

ಇಡೀ ರಾತ್ರಿಯ ಕಥೆ ಈಗ ಯಾರು ಕೇಳುತ್ತಾರೆ ಎಂದು ನೀವು ಕೇಳಬಹುದು. ದಸರಾ ವೇದಿಕೆಯಲ್ಲಿ ಇಪ್ಪತ್ತು ನಿಮಿಷ ಸಿಕ್ಕರೆ ಹೆಚ್ಚು, ಅಲ್ಲಿ ಜನಕ್ಕೆ ಗೊತ್ತಿರುವ ನಾಲ್ಕು ಪದ ಹಾಡಿ ಇಳಿಯಬೇಕು ಎಂಬುದು ನಿಜ. ಆ ಇಪ್ಪತ್ತು ನಿಮಿಷವನ್ನು ಬಿಡಬೇಡಿ, ಅದರಿಂದ ಮೇಳಕ್ಕೆ ಎಣ್ಣೆ ಉಪ್ಪು ಆಗುತ್ತದೆ. ಆದರೆ ಚಿಕ್ಕಲ್ಲೂರಿನ ಐದು ದಿನ ಇನ್ನೂ ಇದೆ. ಮೊದಲ ರಾತ್ರಿ ಚಂದ್ರಮಂಡಲ ಹೊತ್ತಿಸಿ, ಜ್ವಾಲೆ ಯಾವ ದಿಕ್ಕಿಗೆ ಹೆಚ್ಚು ವಾಲುತ್ತದೋ ಆ ದಿಕ್ಕಿಗೆ ಮಳೆ ಬೆಳೆ ಎಂದು ಜನ ಕಣ್ಣು ಕೀಲಿಸಿ ನೋಡುತ್ತಾರಲ್ಲ, ಆ ಜನವೇ ಆಮೇಲೆ ಬಿಡಾರಗಳಲ್ಲಿ ಕಂಬಳಿ ಹೊದ್ದು ಕಥೆ ಕೇಳುತ್ತಾರೆ. ಪಂಕ್ತಿಸೇವೆಯಲ್ಲಿ ಜಾತಿ ಎಣಿಸದೆ ಸಾಲಾಗಿ ಕೂತು ಉಣ್ಣುತ್ತಾರೆ. ಕಪ್ಪಡಿಯಲ್ಲಿ ಶಿವರಾತ್ರಿಯಿಂದ ಯುಗಾದಿವರೆಗೆ ಜಾತ್ರೆ. ಕುರುಬನಕಟ್ಟೆ ಇದೆ, ಬೊಪ್ಪೇಗೌಡನಪುರ ಇದೆ. ಮಾದೇಶ್ವರನ ಬೆಟ್ಟದಲ್ಲಿ ದೀಪಾವಳಿ, ಶಿವರಾತ್ರಿ, ಯುಗಾದಿಗೆ ಕಾಲ್ನಡಿಗೆಯಲ್ಲಿ ಬರುವ ಪರುಷೆಯ ಜನ ಮಲೆಯ ದಾರಿಯುದ್ದಕ್ಕೂ ಹಾಡು ಕೇಳುತ್ತಲೇ ಬರುತ್ತಾರೆ. ಇಡೀ ರಾತ್ರಿಯ ಕಥೆಗೆ ಇವರೇ ಸಭೆ. ಆ ಹುಡುಗನನ್ನು ಮೊದಲು ಕರೆದುಕೊಂಡು ಹೋಗಬೇಕಾದ್ದು ಇಂಥ ಕಡೆಗೆ, ದಸರಾ ವೇದಿಕೆಗೆ ಆಮೇಲೆ ಹೋದರಾಯಿತು.

ಅವನ ಮನೆಯವರಿಗೆ ಮನಸ್ಸಿಲ್ಲ ಎಂದೂ ಕೇಳಿದೆ. ಓದಿಸಿದ ಮಗ ಮತ್ತೆ ಭಿಕ್ಷದ ಜೋಳಿಗೆಗೆ ಕೈ ಹಾಕುವುದೇ ಎಂದು ತಾಯಿ ಅತ್ತರಂತೆ. ಆ ತಾಯಿಯ ಮೇಲೆ ಸಿಟ್ಟಾಗುವ ಹಕ್ಕು ನಮಗ್ಯಾರಿಗೂ ಇಲ್ಲ. ಕಮ್ಮಾರರ ಮನೆಯ ಕೆಂಪಾಚಾರಿಯನ್ನು ಮಂಟೇದಸ್ವಾಮಿ ಶಿಶುಮಗನಾಗಿ ಕೇಳಿದಾಗ ಹೆತ್ತವರು ಪಟ್ಟ ಸಂಕಟವನ್ನು ನೀವೇ ಊರೂರಿಗೆ ಹಾಡಿ ಜನರನ್ನು ಅಳಿಸಿದವರು. ಹೆತ್ತಮ್ಮ ಕೊಡಲಾರೆ ಅನ್ನುತ್ತಾಳೆ, ಗುರು ಬಿಡಲಾರೆ ಅನ್ನುತ್ತಾನೆ. ಆ ಕೆಂಪಾಚಾರಿಯೇ ಘನನೀಲಿ ಸಿದ್ಧಪ್ಪಾಜಿಯಾಗಿ ಹಲಗೂರಿಗೆ ಕಬ್ಬಿಣದ ಭಿಕ್ಷಕ್ಕೆ ಹೋದದ್ದು. ನಿಮ್ಮಲ್ಲಿ ಹಿರಿಯರಾದವರು ಒಬ್ಬರು ಆ ತಾಯಿಯ ಹತ್ತಿರ ಹೋಗಿ ಕೂತು ಮಾತಾಡಿ. ದೀಕ್ಷೆ ಆಮೇಲಿನ ಮಾತು, ಅದು ಹರಕೆಗೂ ಮನಸ್ಸಿಗೂ ಬಿಟ್ಟದ್ದು. ಮಗ ಹಗಲು ಕೆಲಸ ಬಿಡಬೇಕಿಲ್ಲ, ಓದು ಬಿಡಬೇಕಿಲ್ಲ, ಮೇಳದಲ್ಲಿ ಅವನಿಗೆ ಮರ್ಯಾದೆ ಇದೆ ಎಂದು ಹೇಳಿ. ಹೇಳಿದ ಮೇಲೆ ಹಾಗೆಯೇ ನಡೆದುಕೊಳ್ಳಿ.

ಹೆಣ್ಣುಮಕ್ಕಳ ಬಗ್ಗೆಯೂ ಒಂದು ಮಾತು. ದೊಡ್ಡಮ್ಮತಾಯಿ, ಚನ್ನಾಜಮ್ಮ, ಸಂಕಮ್ಮ, ಇಕ್ಕೇರಿ ದೇವಮ್ಮ, ಬೇವಿನಹಟ್ಟಿ ಕಾಳಮ್ಮ. ನಿಮ್ಮ ಕಥೆಗಳಿಂದ ಇವರನ್ನು ತೆಗೆದರೆ ಉಳಿಯುವುದೆಷ್ಟು? ನಿಮ್ಮ ಮನೆಯಂಗಳದಲ್ಲೇ ಸೋಬಾನೆ ಹೇಳುವ ಹೆಂಗಸರಿದ್ದಾರೆ, ಅವರ ಮೊಮ್ಮಕ್ಕಳು ಶಾಲೆಯ ವಾರ್ಷಿಕೋತ್ಸವದಲ್ಲಿ ಕಂಸಾಳೆ ಬೀಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಆ ಕೈಗೆ ದಮ್ಮಡಿ ಭಾರವಾಗುವುದಿಲ್ಲ. ಮುಂದಿನ ಸಲ ಹಿಮ್ಮೇಳಕ್ಕೆ ಹೊಸಬರನ್ನು ಹುಡುಕುವಾಗ ಆ ಕಡೆಗೂ ಕಣ್ಣು ಹಾಯಿಸಿ.

ಆ ಹುಡುಗನ ವಿಷಯದಲ್ಲಿ ನಾನು ಕೇಳುವುದು ಇಷ್ಟು. ಈ ಮಳೆಗಾಲದಲ್ಲಿ ಕಥೆಗಳು ಕಡಿಮೆ ಇರುತ್ತವೆ, ಬಿಡುವಿರುತ್ತದೆ. ವಾರಕ್ಕೊಂದು ರಾತ್ರಿ ಅವನನ್ನು ಕೂರಿಸಿಕೊಂಡು ಕಲ್ಯಾಣದ ಸಾಲು ಪೂರ್ತಿ ಹೇಳಿ, ಮಾತಿನ ಭಾಗವೂ ಸೇರಿ, ಒಂದು ಸೊಲ್ಲೂ ಬಿಡದೆ. ತಾಳಕ್ಕೆ ಸರಿದಿರುವ ಹಿರಿಯರನ್ನೇ ಅವನ ಪಕ್ಕಕ್ಕೆ ಕೂರಿಸಿ. ಅವರ ಬೆರಳು ಮಡಚದಿದ್ದರೂ ಕಿವಿ ಚೆನ್ನಾಗಿದೆ, ಎಲ್ಲಿ ತಪ್ಪಿತು ಎಂದು ಅವರು ಹೇಳಬಲ್ಲರು. ಬೇಕಾದರೆ ಹುಡುಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ, ಬೇಡ ಅನ್ನಬೇಡಿ. ಪದ ಕದ್ದುಬಿಡುತ್ತಾರೆ ಎಂದು ಕೆಲವು ಹಿರಿಯರು ಹೆದರುತ್ತಾರೆ. ನಿಮ್ಮ ಮೇಳದವನೇ ಕಲಿಯುವುದು ಕಳವಾಗುವುದಿಲ್ಲ. ಹೊಸ ವರ್ಷದ ಜನವರಿಗೆ ಚಿಕ್ಕಲ್ಲೂರಿಗೆ ಹೋದಾಗ, ಸರಿರಾತ್ರಿ ಕಳೆದು ಜನ ತೂಕಡಿಸುವ ಹೊತ್ತಿಗೆ, ನಾಲ್ಕೇ ಪದ ಅವನೇ ಎತ್ತಿ ಹೇಳಲು ಬಿಡಿ. ತಪ್ಪಿದರೆ ತಂಬೂರಿಯವರು ಅಲ್ಲೇ ಇರುತ್ತಾರೆ.

ಬ್ಯಾನರ್ ಬರೆಸುವವರಿಗೆ ಅವನ ಹೆಸರನ್ನೂ ಆ ಹಿರಿಯರ ಹೆಸರನ್ನೂ ಸರಿಯಾಗಿ ಬರೆದುಕೊಡಿ.

ಇಂತಿ,
ನಿಮ್ಮ ಕಥೆಗಳನ್ನು ಕೇಳಿಯೇ ಬೆಳೆದ ಕೊಳ್ಳೇಗಾಲ ಸೀಮೆಯ ಒಬ್ಬ ಕೇಳುಗ